ಕಾಟೋ ಕಾರಣವಿಲ್ಲದ ಕೇಡಿಗನಲ್ಲ

ಜಪಾನಿನ ಕಾಲ್ಪನಿಕ ಕಾದಂಬರಿ ‘ತೇಯ್ತೋ ಮೊನೊಗತಾರಿ’ಯ ಖಳನಾಯಕ ಯಾಸುನೋರಿ ಕಾಟೋ ಕಾರಣವಿಲ್ಲದೆ ಟೋಕಿಯೊ ಸುಡಲು ಹೊರಟ ಮಾಟಗಾರ ಎಂಬ ಲೇಖನವೊಂದರ ಮಾತನ್ನು ಒಪ್ಪಲಾರೆ. ಅದಕ್ಕಾಗಿ ಅವನು ಸತ್ತವರ ಲೋಕದಿಂದ ಎಬ್ಬಿಸಲು ಹೊರಟದ್ದು ಯಾರನ್ನು? ಕ್ಯೋಟೋದ ಅರಸೊತ್ತಿಗೆಯ ವಿರುದ್ಧ ದಂಗೆಯೆದ್ದು 940ರಲ್ಲಿ ಹತನಾದ ತೈರಾ ನೊ ಮಸಕಾದೊನನ್ನು. ಅವನ ರುಂಡ ಹೂತಿದೆ ಎನ್ನುವ ಜಾಗ ಟೋಕಿಯೊದ ಓತೆಮಾಚಿಯ ಗಗನಚುಂಬಿ ಕಚೇರಿಗಳ ನಡುವೆ ಇಂದಿಗೂ ಇದೆ. ಅದನ್ನು ಕದಲಿಸುವುದೆಂದರೆ ಜನರಿಗೆ ಅಂಜಿಕೆ. ಇದೇ ಮಸಕಾದೊನನ್ನು ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಮೇಜಿ ಸರ್ಕಾರ 1874ರಲ್ಲಿ ಟೋಕಿಯೊದ ಕಾಂಡಾ ದೇಗುಲದ ದೇವರ ಸಾಲಿನಿಂದ ಇಳಿಸಿತು, ಮತ್ತೆ ಸೇರಿಸಿದ್ದು 1984ರಲ್ಲಿ. ಕಾಟೋ ಪಳಗಿದ ಓನ್ಮ್ಯೋದೊ ಎಂಬ ಜ್ಯೋತಿಷ್ಯ-ಮಾಟದ ವಿದ್ಯೆಗೂ 1870ರಲ್ಲೇ ನಿಷೇಧ ಬಿದ್ದಿತ್ತು. ಗೆದ್ದವರು ಹೂತುಹಾಕಿದ್ದೆಲ್ಲ ಅವನಲ್ಲಿ ಎದ್ದು ನಿಲ್ಲುತ್ತದೆ, ಅದೂ ಗೆದ್ದವರದೇ ಸೇನೆಯ ಸಮವಸ್ತ್ರ ತೊಟ್ಟು! ಇನ್ನು, ಅವನ ಬಿಳಿ ಕೈಗವಸಿನ ಮೇಲಿನ ಐದು ಮೂಲೆಯ ನಕ್ಷತ್ರ ಸೈತಾನನ ಗುರುತು ಎನ್ನುತ್ತದೆ ಆ ಲೇಖನ. ಎಲ್ಲಿಯ ಸೈತಾನ? ಅದು ಸಾವಿರ ವರ್ಷದ ಹಿಂದಿನ ಹೇಯನ್ ಕಾಲದ ಓನ್ಮ್ಯೋದೊ ಪಂಡಿತ ಅಬೆ ನೊ ಸೇಮೆಯ್‌ನ ಹೆಸರಿಗೆ ಅಂಟಿಕೊಂಡ ರಕ್ಷಾಚಿಹ್ನೆ, ಕ್ಯೋಟೋದಲ್ಲಿ ಅವನ ಗುಡಿಯ ಮುಂದೆಯೇ ಕಾಣಸಿಗುತ್ತದೆ. ಈ ಕಾದಂಬರಿಯನ್ನು ಆಧರಿಸಿದ 1988ರ ಚಿತ್ರದಲ್ಲಿ ಕಾಟೋ ಪಾತ್ರ ಮಾಡಿದ ಕ್ಯುಸಾಕು ಶಿಮಾದಾ ಅವರ ಆ ಉದ್ದನೆಯ ಮುಖ ಕಂಡು ನಾನೂ ಮೊದಲ ಸಲ ಬೆಚ್ಚಿದ್ದೆ. ಎರಡನೆಯ ಸಲ ನೋಡಿದಾಗ, ನಿಜ ಹೇಳಬೇಕೆಂದರೆ, ಮನಸ್ಸು ಕಾಟೋನ ಕಡೆಗೇ ವಾಲಿತ್ತು.