ಸ್ಮಾರ್ಟ್ ಬೋರ್ಡ್ ಬಂತು, ಕಲಮು ಎಲ್ಲಿ ಹೋಯಿತು?

ನಿನ್ನೆ ನಮ್ಮ ವಿಜಯಪುರದ ಒಂದು ಮದರಸಾದಲ್ಲಿ ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಇತ್ತು. ಹೆಸರು ಬೇಡ, ಅವರ ಚಹಾ ಕುಡಿದು ಬಂದಿದ್ದೇನೆ. ವೇದಿಕೆಯ ಹಿಂದೆ ಗೋಡೆ ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್. ಅದರ ನೆತ್ತಿಯಲ್ಲಿ ಅರಬಿ ಲಿಪಿಯಲ್ಲಿ ‘ಬಿಸ್ಮಿಲ್ಲಾಹ್’ (ಅಲ್ಲಾಹನ ಹೆಸರಿನಲ್ಲಿ) ಇರಬೇಕಿತ್ತು. ಇದ್ದದ್ದೇನು? ಕೂಡಿ ನಿಲ್ಲಬೇಕಾದ ಅಕ್ಷರಗಳು ಆಸ್ತಿ ಪಾಲಾದ ದಾಯಾದಿಗಳಂತೆ ಬಿಡಿಬಿಡಿಯಾಗಿ ನಿಂತಿದ್ದವು. ಬಲದಿಂದ ಎಡಕ್ಕೆ ಓದುವ ಅರಬಿ, ಅದೂ ಎಡದಿಂದ ಬಲಕ್ಕೆ! ಅದರ ಕೆಳಗೆ ಮೌಲಾನಾಗಳು, ಕುರ್‌ಆನ್ ಕಂಠಪಾಠ ಮಾಡಿದ ಹಾಫಿಜರು, ದಾನಿಗಳು, ಒಬ್ಬ ಪುಢಾರಿ ಎಲ್ಲರೂ ಸಾಲಾಗಿ ಕುಳಿತು ಡಿಜಿಟಲ್ ಯುಗದ ಬಗ್ಗೆ ಭಾಷಣ ಮಾಡಿದರು. ಒಬ್ಬರಾದರೂ ಕತ್ತೆತ್ತಿ ನೋಡಬಾರದೇ? ರಾಜ್ಯೋತ್ಸವದ ಬ್ಯಾನರಿನಲ್ಲಿ ‘ಕರ್ನಾಟಕ’ ಹೀಗೆ ತಿರುಗುಮುರುಗಾಗಿದ್ದರೆ ಊರೇ ಎದ್ದು ಕೂರುತ್ತಿತ್ತು.

ಫ್ಲೆಕ್ಸ್ ಅಂಗಡಿಯ ಹುಡುಗನನ್ನು ನಾನು ಬೈಯುವುದಿಲ್ಲ. ಅರಬಿಯ ಬಹುತೇಕ ಅಕ್ಷರಗಳಿಗೆ ಪದದ ಮೊದಲಿಗೊಂದು, ನಡುವೆ ಒಂದು, ಕೊನೆಗೊಂದು, ಒಂಟಿಯಾಗಿದ್ದಾಗ ಇನ್ನೊಂದು ರೂಪ. ಸಾಫ್ಟ್‌ವೇರಿನಲ್ಲಿ ಅರಬಿಗೆ ಬೇಕಾದ ವ್ಯವಸ್ಥೆಯನ್ನು ಚಾಲೂ ಮಾಡದೆ ಅಂಟಿಸಿದರೆ ಎಲ್ಲವೂ ಒಂಟಿ ರೂಪಕ್ಕೆ ಇಳಿದು ಹಿಂದುಮುಂದಾಗುತ್ತವೆ. ಆ ಹುಡುಗನಿಗೆ ಲಿಪಿಯೇ ಬರುವುದಿಲ್ಲ, ಅವನೇನು ಮಾಡಿಯಾನು? ಓದಲು ಬರುವವರೂ ಓದಲಿಲ್ಲವಲ್ಲ, ನನ್ನ ಸಿಟ್ಟು ಅದು. ಆಮಂತ್ರಣ ಪತ್ರಿಕೆಯದು ಇನ್ನೂ ಚೆಂದ. ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಬಂಗಾರದ ‘ಕ್ಯಾಲಿಗ್ರಫಿ’. ಬಳ್ಳಿಯಿದೆ, ಬಾಗಿದೆ, ಹೊಳಪಿದೆ. ಓದಲು ಹೋದರೆ ಒಂದೂ ಅಕ್ಷರವಲ್ಲ.

ಇದೆಲ್ಲ ಎಲ್ಲಿ ನಡೆಯಿತು ನೋಡಿ. ಸುಲ್ತಾನನ ಗೋರಿ ಇಬ್ರಾಹಿಂ ರೋಜಾ ಇರುವ ಊರಿನಲ್ಲಿ! ಪ್ರವಾಸಿಗರು ಗೋಳಗುಮ್ಮಟ ಹತ್ತಿ ಒಂದು ಕೂಗು ಹಾಕಿ, ತಮ್ಮ ದನಿಯನ್ನು ತಾವೇ ಮೆಚ್ಚಿಕೊಂಡು ಬಸ್ಸು ಹತ್ತುತ್ತಾರೆ. ಅವರ ಮಾತು ಬಿಡಿ. ನಮ್ಮ ಮಕ್ಕಳನ್ನಾದರೂ ರೋಜಾದ ಕಿಟಕಿಗಳ ಮುಂದೆ ನಿಲ್ಲಿಸಿದವರು ಯಾರು? ಅಲ್ಲಿ ಕಿಟಕಿಯ ಜಾಲರಿಯೇ ಅಕ್ಷರ. ಕಲ್ಲನ್ನು ಕೊರೆದು ಬರಹವನ್ನಷ್ಟೇ ಉಳಿಸಿದ್ದಾರೆ, ಬೆಳಕು ಸಾಲುಗಳ ನಡುವಿನಿಂದ ಒಳಗೆ ಬರುತ್ತದೆ. ಕಲ್ಲಿನಲ್ಲಿ ‘ಅನ್‌ಡೂ’ ಗುಂಡಿ ಇರಲಿಲ್ಲ ಸ್ವಾಮಿ. ಆ ರೋಜಾದ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲ್ ಷಾ (ಆಳ್ವಿಕೆ 1580–1627) ತನ್ನ ಹಾಡುಗಳ ಪುಸ್ತಕ ‘ಕಿತಾಬ್-ಎ-ನೌರಸ್’ ಅನ್ನು ಅಂದವಾಗಿ ಬರೆದುಕೊಟ್ಟ ಇರಾನಿನ ಖಲೀಲುಲ್ಲಾಹನಿಗೆ ಲೇಖನಿಯ ಬಾದಶಹ ಎಂಬ ಬಿರುದು ಕೊಟ್ಟ. ಜಾಮಿಯಾ ಮಸೀದಿಯಲ್ಲಿ 1636ರ ಹೊತ್ತಿಗೆ ಮಿಹ್ರಾಬಿಗೆ, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡಿಗೆ, ಚಿನ್ನದ ಬರಹ ಬಂತು. ಇಂಥ ಊರಿನಲ್ಲಿ ಬಿಸ್ಮಿಲ್ಲಾಹ್ ಎಡದಿಂದ ಬಲಕ್ಕೆ.

ಸ್ಮಾರ್ಟ್ ಬೋರ್ಡಿನ ವಿಷಯಕ್ಕೆ ಬರೋಣ. ಹಿಫ್ಜ್ ಅಂದರೆ ಕಂಠಪಾಠದ ತರಗತಿಯ ಹುಡುಗರು ಕುರ್‌ಆನನ್ನು ಕಿವಿಯಿಂದ ಮಾತ್ರ ಕಂಠಪಾಠ ಮಾಡುವುದಿಲ್ಲ, ಕಣ್ಣಿನಿಂದಲೂ ಮಾಡುತ್ತಾರೆ. ಈ ಆಯತ್ (ವಚನ) ಎಡಪುಟದ ಕೊನೆಯ ಸಾಲಿನಲ್ಲಿದೆ, ಆ ಪದ ಬಲಪುಟದ ಮೇಲ್ತುದಿಯಲ್ಲಿದೆ ಎಂದು ಪುಟದ ನಕ್ಷೆಯೇ ತಲೆಯಲ್ಲಿ ಕೂತಿರುತ್ತದೆ. ಅದಕ್ಕೇ ಉಸ್ತಾದರು ಒಂದೇ ಮುದ್ರಣದ ಪ್ರತಿಯನ್ನು ಕೊನೆಯವರೆಗೂ ಬದಲಿಸಲು ಬಿಡುವುದಿಲ್ಲ. ಸಿರಿಯಾದ ಉಸ್ಮಾನ್ ತಾಹಾ ಕೈಯಲ್ಲಿ ಬರೆದ, ಮದೀನಾದಲ್ಲಿ ಮುದ್ರಣವಾಗುವ ಕುರ್‌ಆನ್ ಪ್ರತಿ 604 ಪುಟ, ಪುಟಕ್ಕೆ 15 ಸಾಲು, ಪ್ರತಿ ಪುಟವೂ ಆಯತ್ ಮುಗಿದಲ್ಲಿಯೇ ಮುಗಿಯುತ್ತದೆ. ಒಬ್ಬ ಲಿಪಿಕಾರನ ಕೈ ಎಷ್ಟು ಹಾಫಿಜರ ನೆನಪನ್ನು ಹೊತ್ತಿದೆ ಯೋಚಿಸಿ! ನಮ್ಮ ಹುಡುಗರು ಓದುವುದೋ ನಸ್ಖ್ ಎಂಬ ಶೈಲಿಯ, ಭಾರತದ ದಪ್ಪ ಬರಹದ ಮುದ್ರಣ. ನಿನ್ನೆ ಬೋರ್ಡಿನಲ್ಲಿ ಮೂಡಿದ್ದು ಬೇರೆಯೇ ಅಕ್ಷರಶೈಲಿ, ಬೆರಳು ತಾಗಿದರೆ ಸಾಲುಗಳು ಜರುಗುತ್ತಿದ್ದವು. ಓದಲು ಎದ್ದು ನಿಂತ ಹುಡುಗ ತಡವರಿಸಿದ. ‘ಹೊಸ ತಂತ್ರಜ್ಞಾನ, ಅಭ್ಯಾಸವಾಗುತ್ತದೆ’ ಎಂದರು ವೇದಿಕೆಯಿಂದ. ಅವನ ಕಾಲ ಕೆಳಗಿನ ನೆಲವನ್ನೇ ಜರುಗಿಸಿ ಅಭ್ಯಾಸವಾಗುತ್ತದೆ ಎನ್ನುವವರು ಇವರು.

ನನ್ನ ಅಪ್ಪ ಬಣ್ಣದಲ್ಲಿ ಬೋರ್ಡ್ ಬರೆಯುತ್ತಿದ್ದರು. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಒಂದೇ ಕೈಯಲ್ಲಿ. ಫ್ಲೆಕ್ಸ್ ಬಂದ ಮೇಲೆ ಬಣ್ಣದ ಡಬ್ಬಿಗಳು ಅಟ್ಟ ಸೇರಿದವು. ಇವನ ಸಿಟ್ಟೆಲ್ಲ ಆ ಹಳೆಯ ಸೇಡು ಎಂದು ನೀವು ಹೇಳುವುದಾದರೆ, ಹೌದು, ಅರ್ಧ ಅದೇ. ಫ್ಲೆಕ್ಸ್ ಹರಿದು ಬಿದ್ದದ್ದನ್ನು ಕಂಡರೆ ನನಗೆ ಈಗಲೂ ಒಳಗೊಳಗೆ ಖುಷಿಯಾಗುತ್ತದೆ. ಉಳಿದರ್ಧ ಮಾತ್ರ ನ್ಯಾಯದ ಸಿಟ್ಟು.

‘ಹಾಗಾದರೆ ಮದರಸಾ ಮಕ್ಕಳು ಕಂಪ್ಯೂಟರ್ ಕಲಿಯಬಾರದೇ’ ಎಂದು ಕೇಳುವವರು ಕೇಳಲಿ. ಕಲಿಯಲಿ, ಬೇಡ ಎಂದವರು ಯಾರು? ನಾನೂ ಟ್ಯಾಬ್ಲೆಟ್ಟಿನ ಮೇಲೆ ಗೀಚುವವನೇ. ಉರ್ದು ಪತ್ರಿಕೆಗಳನ್ನು ಹಿಂದೆ ಕಾತಿಬರು ಎಂಬ ಲಿಪಿಕಾರರು ಕೈಯಲ್ಲಿ ಬರೆಯುತ್ತಿದ್ದರು. 1981ರಲ್ಲಿ ನೂರಿ ನಸ್ತಾಲೀಖ್ ಎಂಬ ಉರ್ದು ಅಕ್ಷರಶೈಲಿ ಕಂಪ್ಯೂಟರಿಗೆ ಬಂತು. ಆದರೆ ಅದನ್ನು ರೂಪಿಸಿದ ಮಿರ್ಜಾ ಅಹ್ಮದ್ ಜಮೀಲ್ ಮೊದಲು ಸಾವಿರಾರು ಅಕ್ಷರಗುಚ್ಛಗಳನ್ನು ಕೈಯಲ್ಲೇ ಬರೆಯಬೇಕಾಯಿತು. ಯಂತ್ರಕ್ಕೆ ಕಲಿಸಿದ್ದೂ ಕೈಯೇ. ಹೊಸತನ ಬೇಕೆನ್ನುವವರು ಎಲ್ ಸೀಡ್ ಎಂಬ ಕಲಾವಿದನನ್ನು ನೋಡಲಿ. 2016ರಲ್ಲಿ ಕೈರೋದ ಕಸ ಆಯುವವರ ಕೇರಿಯಲ್ಲಿ ಸುಮಾರು 50 ಕಟ್ಟಡಗಳ ಮೇಲೆ ಒಂದೇ ಅರಬಿ ವಾಕ್ಯ ಬರೆದ. ಪಕ್ಕದ ಗುಡ್ಡದಿಂದ ನೋಡಿದರೆ ಮಾತ್ರ ಅದು ಪೂರ್ತಿ ಕಾಣುತ್ತದೆ. ಹಳೆಯ ಕಟ್ಟಳೆಗಳಿಗೆ ಅವನು ಕಟ್ಟುಬಿದ್ದವನಲ್ಲ, ಆದರೂ ಅಕ್ಷರ ಅಕ್ಷರವಾಗಿಯೇ ಇದೆ.

ಕಟ್ಟಳೆಯಾದರೂ ಎಷ್ಟು ಸರಳ! ಹತ್ತನೇ ಶತಮಾನದ ಬಾಗ್ದಾದಿನ ವಜೀರ ಇಬ್ನ್ ಮುಖ್ಲಾ, ಅರಮನೆಯ ರಾಜಕೀಯದಲ್ಲಿ ಬಲಗೈಯನ್ನೇ ಕಳೆದುಕೊಂಡ ಪುಣ್ಯಾತ್ಮ, ಕಲಮಿನ (ಲೇಖನಿಯ) ಮೊನೆ ಊರಿದಾಗ ಮೂಡುವ ಚುಕ್ಕೆಯಿಂದಲೇ ಅಕ್ಷರವನ್ನು ಅಳೆಯುವ ಲೆಕ್ಕ ಹಾಕಿಕೊಟ್ಟ. ಶೈಲಿಗೆ ತಕ್ಕಂತೆ ಮೊದಲ ಅಕ್ಷರ ಅಲಿಫ್ 5 ಚುಕ್ಕೆಯೋ 7 ಚುಕ್ಕೆಯೋ ಎತ್ತರ. ಇದನ್ನು ಕಲಿಸಲು ಬೇಕಾದದ್ದು ಓರೆಯಾಗಿ ಕತ್ತರಿಸಿದ ಒಂದು ಜೊಂಡಿನ ಕಡ್ಡಿ, ಮಸಿ, ಹಳೆಯ ಕಾಲದ ತಖ್ತಿ ಎಂಬ ಬರೆಯುವ ಹಲಗೆ. ಸ್ಮಾರ್ಟ್ ಬೋರ್ಡಿನ ಸ್ಟ್ಯಾಂಡಿನ ದುಡ್ಡಿನಲ್ಲಿ ಇಡೀ ಮದರಸಾಕ್ಕೆ ಆಗುತ್ತದೆ. ಕಡ್ಡಿಯ ಮೇಲೆ ದಾನಿಯ ಹೆಸರು ಬರೆಯಲು ಜಾಗವಿಲ್ಲ, ಅದೊಂದೇ ತೊಂದರೆ.

‘ಇಷ್ಟು ಮಾತಾಡುವ ನೀನೇ ಹೋಗಿ ಕಲಿಸು’ ಎಂದು ಕಾಮೆಂಟ್ ಹಾಕುವ ಮೊದಲು ಕೇಳಿ. ಕಾರ್ಯಕ್ರಮ ಮುಗಿದ ಮೇಲೆ ಅದನ್ನೇ ಕೇಳಿದೆ. ವಾರಕ್ಕೊಂದು ಗಂಟೆ ಕೊಡಿ, ಸಂಬಳ ಬೇಡ, ಕಡ್ಡಿಯನ್ನೂ ನಾನೇ ತರುತ್ತೇನೆ ಎಂದೆ. ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂದರು. ಇದ್ದ ಒಂದು ಗಂಟೆಯೂ ‘ಡಿಜಿಟಲ್ ಕ್ಯಾಲಿಗ್ರಫಿ’ಗೆ ಮೀಸಲಂತೆ. ಯಾರು ಕಲಿಸುತ್ತಾರೆ ಎಂದು ಕೇಳಿದೆ.

‘ವಿಡಿಯೋ ಇದೆಯಲ್ಲ’ ಎಂದರು.