ಪಂಪ್ ಆಮೇಲೆ, ಮೊದಲು ತಟ್ಟೆ
ಮೈಸೂರಿನ ವಿದ್ಯಾರ್ಥಿಗಳ ಫ್ರೀಜ್ ಡ್ರೈಯರ್ (ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಳಿ ಹೊರಹೀರಿ, ಹಿಮವನ್ನು ನೇರ ಆವಿಯಾಗಿಸಿ ಒಣಗಿಸುವ ಯಂತ್ರ) ಬಗ್ಗೆ ಬರೆಯುತ್ತಾ ‘ವ್ಯಾಕ್ಯೂಮ್ ಹೆಚ್ಚಿದಷ್ಟೂ ಔಷಧ ಬೇಗ ಒಣಗುತ್ತದೆ’ ಎಂದಿದ್ದೀರಿ. ಪೂರ್ತಿ ಸರಿಯಲ್ಲ. ನಂಜನಗೂಡಿನ ಕಾರ್ಖಾನೆಯಲ್ಲಿ ನನಗೆ ಇದೇ ಕೆಲಸ. ಒತ್ತಡ ತೀರಾ ಇಳಿಸಿದರೆ ಯಂತ್ರದ ತಟ್ಟೆಯಿಂದ ಅದರ ಮೇಲಿನ ಪುಟ್ಟ ಗಾಜಿನ ಸೀಸೆಗೆ, ಅಂದರೆ ವಯಲ್‌ಗೆ ಶಾಖ ದಾಟಿಸಲು ಅನಿಲವೇ ಸಾಲದೆ ಒಣಗುವುದು ಇನ್ನೂ ನಿಧಾನ. ಅಸಲಿ ತಲೆನೋವು ಹೆಪ್ಪುಗಟ್ಟಿಸುವಾಗ. ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ದ್ರಾವಣ ಮೈನಸ್ 10–15 ಡಿಗ್ರಿಗಿಳಿದರೂ ದ್ರವವಾಗಿಯೇ ಕೂತಿರುತ್ತದೆ. ಒಂದು ವಯಲ್ ಫಕ್ಕನೆ ಬೆಳ್ಳಗಾದರೆ ಪಕ್ಕದ್ದು ಇನ್ನೂ ನೀರು ನೀರು. ಹೀಗೆ ತಡವಾಗಿ ಗಟ್ಟಿಯಾದದ್ದರಲ್ಲಿ ಹಿಮದ ಹರಳು ಸಣ್ಣ, ರಂಧ್ರವೂ ಸಣ್ಣ, ಆವಿ ಹೊರಬರಲು ಪರದಾಟ. ತಟ್ಟೆಯನ್ನು ಕೊಂಚ ಬೆಚ್ಚಗೆ ಮಾಡಿ, ಹಿಮ ಕರಗದಂತೆ ಸ್ವಲ್ಪ ಹೊತ್ತು ಹಿಡಿದು ಮತ್ತೆ ತಣಿಸಿದರೆ ಹರಳು ಬೆಳೆಯುತ್ತದೆ. ವ್ಯಾಕ್ಯೂಮ್ ಪಂಪಿನ ದುಡ್ಡಲ್ಲಿ ಅರ್ಧ ತಟ್ಟೆಯ ತಾಪಮಾನದ ನಿಯಂತ್ರಣಕ್ಕೆ ಹೋಗಲಿ. (ತಟ್ಟೆಯ ಅಂಚಿನ ವಯಲ್ ಸಾಲು ಯಾವಾಗಲೂ ಮೊದಲೇ ಒಣಗುತ್ತದೆ, ಅದನ್ನು ನೋಡಿ ಎಲ್ಲವೂ ಒಣಗಿತೆಂದು ಮೋಸಹೋಗಬೇಡಿ.)