ಬಣ್ಣ ಹಾಕಲು ಹೋಗಿ ಸೇವ್ ಫೈಲ್ ಕೆಡಿಸಿದ ಕತೆ

ಮೊನ್ನೆ ರಾತ್ರಿ ಗೋಣಿಕೊಪ್ಪದಿಂದ ಫೋನ್ ಬಂತು. ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿರುವವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ನೇರ ವಿಷಯಕ್ಕೇ ಬಂದರು. "ಏನ್ ಮಾರಾಯಾ, ಹದಿನೈದು ದಿನದ ಆಟ ನೀರುಪಾಲು ಮಾಡಿಬಿಟ್ಟೆಯಲ್ಲ!"

ತಪ್ಪು ನನ್ನದೇ. ಬಿಡುವಿನಲ್ಲಿ ಒಂದು ಇಂಟರ್‌ಪ್ರಿಟರ್ ಬರೆದಿದ್ದೇನೆ, ಹಳೇ ಟೆಕ್ಸ್ಟ್ ಅಡ್ವೆಂಚರ್ ಆಟಗಳನ್ನು ಓಡಿಸಲಿಕ್ಕೆ. ಚಿತ್ರ ಇಲ್ಲ, ಸದ್ದಿಲ್ಲ. ಆಟ ಒಂದು ಜಾಗವನ್ನು ಬಣ್ಣಿಸುತ್ತದೆ, ನೀವು "ಉತ್ತರಕ್ಕೆ ಹೋಗು", "ದೀಪ ಹಚ್ಚು" ಅಂತ ಟೈಪ್ ಮಾಡುತ್ತಾ ಹೋಗಬೇಕು. ಅದರ ಎರಡನೇ ರಿಲೀಸನ್ನು ಇವರಿಗೆ ಕಳಿಸಿದ್ದೆ. ಹಾಕಿಕೊಂಡರು, ಹಳೇ ಸೇವ್ ಫೈಲ್ ಒಂದೂ ತೆರೆಯಲಿಲ್ಲ. ಮನುಷ್ಯ ಜೋರ್ಕ್ ಅನ್ನುವ ಅಂಥದ್ದೇ ಒಂದು ಹಳೇ ಆಟ ಆಡುತ್ತಾ, ಹಳೇ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲ್ಲಿನಲ್ಲಿ ಮ್ಯಾಪ್ ಬರೆದುಕೊಂಡು, ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿ ಅಂತ ಗುರುತು ಹಾಕಿಕೊಂಡು, ಅಷ್ಟು ದೂರ ಹೋಗಿದ್ದರು. ಸಿಟ್ಟು ಬರದೇ ಇರುತ್ತಾ?

ಈ ಇಂಟರ್‌ಪ್ರಿಟರ್ ಅನ್ನೋದು ಯಾಕೆ ಬೇಕು ಅಂತ ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ. 1979ರಲ್ಲಿ ಅಮೆರಿಕದಲ್ಲಿ ಇನ್ಫೋಕಾಮ್ ಅಂತ ಕಂಪನಿ ಶುರುವಾಯಿತು, ಜೋರ್ಕ್ ಅದರದ್ದೇ. ಆಗ ಆಪಲ್ 2, ಟಿಆರ್‌ಎಸ್-80 ಅಂತ ಒಂದಕ್ಕೊಂದು ಸಂಬಂಧವೇ ಇಲ್ಲದ ಕಂಪ್ಯೂಟರ್‌ಗಳು. ಪ್ರತಿಯೊಂದಕ್ಕೂ ಪ್ರತಿ ಆಟವನ್ನು ಹೊಸದಾಗಿ ಬರೆಯುತ್ತಾ ಕೂತರೆ ಕತೆ ಮುಗಿಯಿತು. ಅದಕ್ಕೆ ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಸೇರಿ ಜೀ-ಮಷೀನ್ ಅನ್ನುವ, ಕಾಗದದ ಮೇಲಷ್ಟೇ ಇರುವ ಒಂದು ಕಂಪ್ಯೂಟರ್ ಯೋಚಿಸಿದರು. ಆಟಗಳೆಲ್ಲ ಅದಕ್ಕೇ, ಅದರ ಹಾಗೆ ನಟಿಸುವ ಪ್ರೋಗ್ರಾಮೇ ಇಂಟರ್‌ಪ್ರಿಟರ್. ಪ್ರತಿ ನಿಜವಾದ ಕಂಪ್ಯೂಟರ್‌ಗೆ ಒಂದೊಂದು ಇಂಟರ್‌ಪ್ರಿಟರ್ ಬರೆದರೆ ಸಾಕು. ಆ ಕಂಪನಿಯನ್ನು 1989ರಲ್ಲಿ ಮುಚ್ಚಿದರು, ಆ ಕಂಪ್ಯೂಟರ್‌ಗಳು ಗುಜರಿಗೆ ಹೋದವು, ಆಟದ ಫೈಲ್ ಮಾತ್ರ ಇವತ್ತಿಗೂ ಓಡುತ್ತದೆ. ಜೋರ್ಕ್‌ನ ಮೊದಲ ಭಾಗ ಸುಮಾರು 85 ಕೆಬಿ ಅಷ್ಟೇ. ಬೆಳಗ್ಗೆ ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವಿನ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ.

ನಾನು ಬರೆದದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೊದಲ ಏಟು ಬಿದ್ದದ್ದು ಭಾಗಾಕಾರದಲ್ಲಿ! ಜೀ-ಮಷೀನ್ ನಿಯಮದ ಪ್ರಕಾರ -11ನ್ನು 2ರಿಂದ ಭಾಗಿಸಿದರೆ -5 ಬರಬೇಕು. ಪೈಥಾನಿನಲ್ಲಿ ಎರಡು ಗೀಟಿನ (//) ಭಾಗಾಕಾರ ಹಾಕಿದರೆ -6 ಕೊಡುತ್ತದೆ. ಆಟ ನಿಲ್ಲುವುದಿಲ್ಲ, ತಪ್ಪು ಅಂತ ಹೇಳುವುದೂ ಇಲ್ಲ, ಒಳಗೊಳಗೇ ಲೆಕ್ಕ ಕೆಡುತ್ತದೆ. ಇಂಥದ್ದನ್ನು ಹಿಡಿಯಲೆಂದೇ ಚೆಕ್ ಅನ್ನುವ ಪರೀಕ್ಷಾ ಫೈಲ್ ಇದೆ. ರಿಲೀಸ್ ಮಾಡುವ ಮುಂಚೆ ಅದನ್ನು ಓಡಿಸಿ ನೋಡದವರ ಇಂಟರ್‌ಪ್ರಿಟರ್ ಮುಟ್ಟಬೇಡಿ ಅಂತಲೇ ನಾನು ಹೇಳುವುದು.

ಎರಡನೇ ಏಟು ಜೂನ್ ತಿಂಗಳಲ್ಲಿ. ಸೋಮವಾರಪೇಟೆ ಕಡೆ ಮಳೆ ಹಿಡಿದರೆ ಕರೆಂಟಿನ ಗತಿ ಗೊತ್ತಲ್ವಾ? ಅಣ್ಣನ ಮಗಳು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದಳು. ಆಟದೊಳಗೆ ದೀಪದ ಬ್ಯಾಟರಿ ಉಳಿಸಲು ಒದ್ದಾಡುತ್ತಿರುವಾಗ ಹೊರಗೆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತು. "ಚಿಕ್ಕಪ್ಪಾ, ಎಲ್ಲಾ ಹೋಯ್ತು" ಅಂತ ಬಂದು ನಿಂತಳು. ಆವತ್ತೇ ಕೂತು, ಪ್ರತಿ ಮಾತಿಗೂ ತಾನೇ ಸೇವ್ ಆಗುವ ಹಾಗೆ ಮಾಡಿದೆ. ಇದು ಒಳ್ಳೇ ಕೆಲಸ, ಎರಡನೇ ರಿಲೀಸಿನಲ್ಲಿ ನಾನು ಮಾಡಿದ ಒಂದೇ ಒಳ್ಳೇ ಕೆಲಸ.

ಆದರೆ ಅಷ್ಟಕ್ಕೇ ಕೈ ನಿಲ್ಲಲಿಲ್ಲ. ಬಣ್ಣದ ಥೀಮ್ ಹಾಕಿದೆ. ಕಪ್ಪು, ಹಸಿರು, ಕಾಫಿ ಬಣ್ಣ. ಯಾರೂ ಕೇಳಿರಲಿಲ್ಲ, ಸುಮ್ನೆ ನನ್ನ ಖುಷಿಗೆ. ಆಟ ತೆರೆದಾಗ ಅದೇ ಬಣ್ಣ ಬರಲಿ ಅಂತ ಸೇವ್ ಫೈಲಿನ ಮೊದಲಿಗೇ ಒಂದು ಬೈಟ್ ತುರುಕಿದೆ. ಆ ಒಂದು ಬೈಟಿನಿಂದ ಹಿಂದಿನದ್ದೆಲ್ಲ ಒಂದು ಮನೆ ಆಚೆ ಸರಿಯಿತು. ಗೋಣಿಕೊಪ್ಪದವರ ಹದಿನೈದು ದಿನ ಹೋದದ್ದು ಹೀಗೆ. ಕಾಫಿ ಗಿಡದಲ್ಲಿ ಕಂಬಚಿಗುರು ಬರುತ್ತದಲ್ಲ, ನೋಡಲಿಕ್ಕೆ ಸೊಂಪಾಗಿ ನೆಟ್ಟಗೆ, ಫಸಲಿಲ್ಲ, ಗಿಡದ ಶಕ್ತಿಯೆಲ್ಲ ಅದಕ್ಕೇ. ನನ್ನ ಬಣ್ಣದ ಥೀಮ್ ಅಂಥದ್ದು. ಕಿತ್ತು ಹಾಕಿದ್ದೇನೆ.

ತಮಾಷೆ ಅಂದರೆ ಇದಕ್ಕೆಲ್ಲ ಪರಿಹಾರ 1997ರಿಂದಲೂ ಇದೆ. ಕ್ವೆಟ್ಜಲ್ ಅಂತ ಸೇವ್ ಫೈಲಿನ ಒಂದು ಒಪ್ಪಿತ ಕ್ರಮ. ಆಟ ಶುರುವಾದಾಗ ಮೆಮೊರಿ ಹೇಗಿತ್ತೋ ಅದಕ್ಕೂ ಈಗಿನದ್ದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡಬಹುದು, ಹಾಗಾಗಿ ಫೈಲ್ ತೀರಾ ಚಿಕ್ಕದು. ಯಾವ ಆಟ, ಅದರ ಯಾವ ರಿಲೀಸ್ ಅನ್ನುವುದೂ ಒಳಗೇ ಇರುತ್ತದೆ, ಬೇರೆ ಆಟದ ಸೇವ್ ಕೊಟ್ಟರೆ ಒಪ್ಪುವುದಿಲ್ಲ. ಫ್ರಾಟ್ಜ್ ಅನ್ನುವ ಇಂಟರ್‌ಪ್ರಿಟರ್‌ನಲ್ಲಿ ಸೇವ್ ಮಾಡಿದ್ದನ್ನು ಬೇರೆ ಇಂಟರ್‌ಪ್ರಿಟರ್‌ನಲ್ಲಿ ತೆರೆಯಬಹುದು. ನಾನು ಮಾತ್ರ ನನ್ನದೇ ಕ್ರಮ ಮಾಡುತ್ತೇನೆ ಅಂತ ಹೊರಟೆ. ಜಂಬ, ಇನ್ನೇನು.

ಕನ್ನಡದ ವಿಷಯ ಬೇರೆ ಕತೆ. "ಇದು ಕನ್ನಡದಲ್ಲಿ ಯಾಕಿಲ್ಲ?" ಅಂತ ಅಣ್ಣನ ಮಗಳು ಕೇಳಿದ್ದಕ್ಕೆ, ಕ್ರಿಯಾಪದ ಕೊನೆಗೆ ಬರುವ ಹಾಗೆ ತಿದ್ದಿ, ಕೊಡಗಿನ ಹಳೇ ಕುಟುಂಬದ ಮನೆಯಾದ ಒಂದು ಐನ್‌ಮನೆಯೊಳಗೆ ನಡೆಯುವ ಪುಟ್ಟ ಆಟ ಬರೆದೆ. "ಬಾವಿ ನೋಡು" ಅಂದಳು. "ಯಾವುದು, ಬಾಗಿಲಾ ಬಾವಿಯಾ?" ಅಂತ ಕೇಳಿತು. "ಬಾವಿ" ಅಂದಳು. ಮತ್ತೆ ಅದೇ ಪ್ರಶ್ನೆ! ಜೀ-ಮಷೀನ್ ತನ್ನ ನಿಘಂಟಿನಲ್ಲಿ ಒಂದು ಪದಕ್ಕೆ ಕೊಡುವುದು ಹೆಚ್ಚೆಂದರೆ ಒಂಬತ್ತು ಮನೆ. ಇಂಗ್ಲಿಷಿನ ಸಣ್ಣಕ್ಷರಕ್ಕೆ ಒಂದು ಮನೆ ಸಾಕು, ನಮ್ಮ ಒಂದೊಂದು ಯೂನಿಕೋಡ್ ಚಿಹ್ನೆಗೆ ನಾಲ್ಕು ಬೇಕು. ಬ ಒಂದು, ಅದರ ದೀರ್ಘ ಇನ್ನೊಂದು, ಅಲ್ಲಿಗೆ ಎಂಟು ಮನೆ ಖಾಲಿ. ಬಾಗಿಲು, ಬಾವಿ, ಬಾಳೆಹಣ್ಣು ಎಲ್ಲವೂ ಅದಕ್ಕೆ ಬರೀ "ಬಾ". ಆಟದ ಫೈಲಿನಲ್ಲಿ ಬೇರೆ ಅಕ್ಷರಪಟ್ಟಿ ಕೊಟ್ಟರೆ ಸ್ವಲ್ಪ ಸುಧಾರಿಸುತ್ತದೆ, ಇಲ್ಲವಾದರೆ ಆಂಡ್ರ್ಯೂ ಪ್ಲಾಟ್ಕಿನ್ 1999ರಲ್ಲಿ ಮಾಡಿದ, ಜೀ-ಮಷೀನ್ ಥರದ್ದೇ ಇನ್ನೊಂದು ಕಾಗದದ ಕಂಪ್ಯೂಟರ್ ಗ್ಲುಲ್ಕ್ಸ್‌ಗೆ ಹೋಗಬೇಕು. ಇದು ಇಂಟರ್‌ಪ್ರಿಟರ್‌ನ ತಪ್ಪಲ್ಲ, ಅದರಲ್ಲಿ ರಿಪೇರಿ ಮಾಡಲೂ ಆಗುವುದಿಲ್ಲ. ಆದರೆ "ಕತ್ತಿ" ಅಂತ ಟೈಪ್ ಮಾಡಿದರೆ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿನಲ್ಲಿ ಐದು, ಕರ್ಸರ್ ಎಲ್ಲೋ ಮೂರು ಮನೆ ಆಚೆ ನಿಂತು ಮಿಣುಕುತ್ತಿತ್ತು. ಅದು ನನ್ನದೇ ತಪ್ಪು. ಅದನ್ನು ಸರಿಮಾಡಲು ಎರಡು ಭಾನುವಾರ ಹೋಯಿತು.

ಮೂರನೇ ರಿಲೀಸಿನಲ್ಲಿ ಹೊಸದು ಅಂತ ತೋರಿಸಲು ಏನೂ ಇಲ್ಲ. "ಹಾಗಾದರೆ ರಿಲೀಸ್ ಯಾಕೆ?" ಅಂತ ಒಬ್ಬ ಗೆಳೆಯ ಕೇಳಿದ. ಹಳೇ ಸೇವ್ ತೆರೆಯುತ್ತದೆ, ಕರೆಂಟ್ ಹೋದರೆ ಆಟ ಹೋಗುವುದಿಲ್ಲ, ಕನ್ನಡದ ಕರ್ಸರ್ ಇರಬೇಕಾದ ಕಡೆ ಇರುತ್ತದೆ. ನನಗೆ ಇದು ಜಾಸ್ತಿಯೇ ಅನಿಸುತ್ತದೆ.

ಗೋಣಿಕೊಪ್ಪದವರ ಫೈಲ್ ತರಿಸಿಕೊಂಡು, ಮೊದಲ ರಿಲೀಸಿನ ಹಾಳು ಕ್ರಮವನ್ನೂ ಓದುವ ಹಾಗೆ ಮಾಡಿ ನಿನ್ನೆ ಕಳಿಸಿದೆ. ರಾತ್ರಿ ಮತ್ತೆ ಫೋನ್. ತೆರೆಯಿತಂತೆ, ಬಿಟ್ಟ ಜಾಗದಲ್ಲೇ ನಿಂತಿದ್ದಾರಂತೆ, ಚೆಕ್‌ರೋಲಿನ ಮ್ಯಾಪಿಗೂ ತಾಳೆಯಾಗುತ್ತದಂತೆ. ದೀಪ ಮಾತ್ರ ಮಂಕಾಗುತ್ತಿದೆ ಅಂತ ಆಟ ಹೇಳುತ್ತಿದೆಯಂತೆ. ಅದಕ್ಕೂ ನನ್ನನ್ನೇ ಬೈದರು.